ಕಾಕಾನ ರೇಡಿಯೊಗೆ ಯಾವ ಪಂದ್ಯ ಬರುತ್ತದೆ?

ಕಲಬುರಗಿಯ ನೆಹರೂ ಗಂಜ್ ಬಳಿ ನನ್ನ ಅಂಗಿ ಹೊಲಿಯುವ ಟೇಲರ್ ಕಾಕಾ ಒಬ್ಬರಿದ್ದಾರೆ. ಹೊಲಿಗೆ ಯಂತ್ರದ ಎಡಗಡೆ, ದಾರದ ರೀಲುಗಳ ಪಕ್ಕದಲ್ಲಿ ಅವರ ರೇಡಿಯೊ ಕುಳಿತಿರುತ್ತದೆ. ಆಂಟೆನಾ ಎಂದೋ ಮುರಿದಿದೆ. ಅದರ ಬುಡಕ್ಕೆ ತಾಮ್ರದ ತಂತಿ ಸುತ್ತಿ ಕಿಟಕಿಯ ಸರಳಿಗೆ ಬಿಗಿದಿದ್ದಾರೆ. 2022ರ ಆಗಸ್ಟ್‌ನಲ್ಲಿ ಗುಲ್ಬರ್ಗಾ ಮಿಸ್ಟಿಕ್ಸ್ ತಂಡ ರಾಜ್ಯದ ಟಿ-20 ಕ್ರಿಕೆಟ್ ಲೀಗ್ ಆದ ಮಹಾರಾಜ ಟ್ರೋಫಿಯ ಫೈನಲ್ ಆಡುತ್ತಿದ್ದ ಸಂಜೆ ನಾನು ಅಲ್ಲಿಗೆ ಹೋಗಿದ್ದೆ. ಕಾಕಾ ಯಂತ್ರ ನಿಲ್ಲಿಸಿ ರೇಡಿಯೊದ ಕಿವಿ ತಿರುವುತ್ತಿದ್ದರು. ಅವರು ಹಿಡಿದ ಕೇಂದ್ರದಲ್ಲಿ ಚಿತ್ರಗೀತೆ ಬರುತ್ತಿತ್ತು. "ನಮ್ಮೂರ ಹೆಸರಿನ ತಂಡ ಫೈನಲ್ ಆಡುತ್ತಿದೆ. ನಮ್ಮೂರ ರೇಡಿಯೊದಲ್ಲಿ ಹಾಡು ಹಾಕಿದ್ದಾರೆ. ಯಾಕ್ರೀ ಸರ್ ಹೀಗೆ?" ಎಂದರು.

ತಾಲ್ಲೂಕು ಮಟ್ಟದ ಕಬಡ್ಡಿ ಪಂದ್ಯಾವಳಿಗಳಲ್ಲಿ ಧ್ವನಿವರ್ಧಕದ ಮೈಕ್ ಹಿಡಿದು ವೀಕ್ಷಕ ವಿವರಣೆ ಕೊಡುತ್ತ ಬಂದವನು ನಾನು. ನನಗೂ ಅಂದು ಸರಿಯಾದ ಉತ್ತರ ಹೊಳೆಯಲಿಲ್ಲ. "ಜನ ಕೇಳುವುದಿಲ್ಲ ಎಂದು ಹಾಕುವುದಿಲ್ಲ" ಎಂದುಬಿಟ್ಟೆ. ಅದು ತಪ್ಪು ಉತ್ತರವಾಗಿತ್ತು. ಒಂದು ಪಂದ್ಯ ರೇಡಿಯೊಗೆ ಬರುವುದಕ್ಕೂ ಬಾರದಿರುವುದಕ್ಕೂ ಜನರ ಆಸಕ್ತಿ ತೀರಾ ಕೊನೆಯ ಕಾರಣ. ಅದಕ್ಕಿಂತ ಮೊದಲು ಹಲವು ಬಾಗಿಲುಗಳನ್ನು ಆ ಪಂದ್ಯ ದಾಟಬೇಕು.

ಮೊದಲನೆಯದು, ಪಂದ್ಯ ಯಾರದು ಎಂಬ ಪ್ರಶ್ನೆ.

ತಂಡಕ್ಕೆ ಊರಿನ ಹೆಸರಿದ್ದ ಮಾತ್ರಕ್ಕೆ ಪಂದ್ಯ ಊರಿನದಾಗುವುದಿಲ್ಲ. ಮಹಾರಾಜ ಟ್ರೋಫಿಯನ್ನು ನಡೆಸುವುದು ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ. ಆ ವರ್ಷ ಪಂದ್ಯಗಳು ನಡೆದದ್ದು ಮೈಸೂರು ಮತ್ತು ಬೆಂಗಳೂರಿನಲ್ಲಿ. ಮನೀಷ್ ಪಾಂಡೆ ನಾಯಕತ್ವದ ನಮ್ಮ ತಂಡ ಬೆಂಗಳೂರು ಬ್ಲಾಸ್ಟರ್ಸ್ ತಂಡವನ್ನು ಸೋಲಿಸಿ ಕಪ್ ಎತ್ತಿದ್ದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ. ಅಲ್ಲಿ ಕ್ಯಾಮೆರಾ ಇಡಲು, ಮೈಕ್ ಇಡಲು, ಮೊಬೈಲಿನಲ್ಲಿ ತೋರಿಸಲು ಯಾರಿಗೆ ಅವಕಾಶ ಎನ್ನುವುದನ್ನು ತೀರ್ಮಾನಿಸುವವರು ಆಯೋಜಕರು. ಅದನ್ನೇ ಪ್ರಸಾರ ಹಕ್ಕು ಎನ್ನುತ್ತಾರೆ. ಟಿ.ವಿ.ಗೆ ಒಂದು, ಧ್ವನಿಗೆ ಒಂದು, ಅಂತರ್ಜಾಲಕ್ಕೆ ಇನ್ನೊಂದು ಎಂದು ಬೇರೆ ಬೇರೆಯಾಗಿ ಮಾರಬಹುದು, ಒಟ್ಟಾಗಿಯೂ ಮಾರಬಹುದು. ಕಲಬುರಗಿಯ ಒಂದು ರೇಡಿಯೊ ಕೇಂದ್ರ ತನ್ನ ಸಿಬ್ಬಂದಿಯನ್ನು ರೈಲು ಹತ್ತಿಸಿ ಕಳಿಸಿ "ನಮ್ಮ ಊರಿನ ತಂಡ, ಸ್ವಲ್ಪ ಮಾತಾಡುತ್ತೇವೆ" ಎಂದರೆ ಗೇಟಿನಲ್ಲೇ ತಡೆಯುತ್ತಾರೆ.

ಇಲ್ಲಿ ಒಂದು ಗೊಂದಲ ಸಹಜ. ಗಾಳಿಯಲ್ಲಿ ಹರಿಯುವ ತರಂಗಗಳು ಸಾರ್ವಜನಿಕರ ಆಸ್ತಿ ಎಂದು ಸುಪ್ರೀಂ ಕೋರ್ಟ್ 1995ರ ಫೆಬ್ರುವರಿಯಲ್ಲಿ ಹೇಳಿತು. ಆ ಮಾತು ಹುಟ್ಟಿದ್ದೂ ಕ್ರಿಕೆಟ್‌ನಿಂದಲೇ. 1993ರ ಹೀರೊ ಕಪ್ ಪಂದ್ಯಗಳನ್ನು ತೋರಿಸುವ ಹಕ್ಕಿನ ಬಗ್ಗೆ ಬಂಗಾಳ ಕ್ರಿಕೆಟ್ ಸಂಸ್ಥೆಗೂ ಕೇಂದ್ರ ಸರ್ಕಾರಕ್ಕೂ ನಡೆದ ಜಗಳ ನ್ಯಾಯಾಲಯ ಹತ್ತಿತ್ತು. ಆ ತೀರ್ಪಿನ ಪ್ರಕಾರ ತರಂಗ ಸರ್ಕಾರದ ಸ್ವಂತ ಸೊತ್ತಲ್ಲ, ಯಾವುದೇ ಖಾಸಗಿಯವರದೂ ಅಲ್ಲ. ಆದರೆ ತರಂಗ ನಮ್ಮೆಲ್ಲರದು ಎಂದಾಕ್ಷಣ ಅದರ ಮೇಲೆ ಸಾಗುವ ಪಂದ್ಯವೂ ನಮ್ಮದಾಗುವುದಿಲ್ಲ. ರಸ್ತೆ ಎಲ್ಲರದು, ಅದರ ಮೇಲೆ ಹೋಗುವ ತೊಗರಿ ಲಾರಿ ಯಾರೋ ಒಬ್ಬರದು.

ಹಾಗಾದರೆ ಭಾರತ ತಂಡದ ಪಂದ್ಯಗಳು ಆಕಾಶವಾಣಿಗೆ ಹೇಗೆ ಬರುತ್ತವೆ? 2007ರಲ್ಲಿ ಸಂಸತ್ತು ಇದಕ್ಕೆಂದೇ ಒಂದು ಕಾನೂನು ಮಾಡಿತು. ರಾಷ್ಟ್ರೀಯ ಮಹತ್ವದ್ದೆಂದು ಸರ್ಕಾರ ಪ್ರಕಟಿಸಿದ ಕ್ರೀಡೆಗಳ ನೇರ ಪ್ರಸಾರವನ್ನು ಹಕ್ಕು ಪಡೆದ ಖಾಸಗಿ ವಾಹಿನಿ ತಾನೊಂದೇ ಇಟ್ಟುಕೊಳ್ಳುವಂತಿಲ್ಲ. ತನ್ನ ಜಾಹೀರಾತುಗಳನ್ನು ತೆಗೆದು, ಅದೇ ಹೊತ್ತಿಗೆ ಆಕಾಶವಾಣಿ, ದೂರದರ್ಶನಗಳನ್ನು ನಡೆಸುವ ಪ್ರಸಾರ ಭಾರತಿಗೂ ಕೊಡಬೇಕು. ಅದರಿಂದ ಬರುವ ಜಾಹೀರಾತಿನ ಹಣದಲ್ಲಿ ಹಕ್ಕುದಾರನ ಪಾಲು ಟಿ.ವಿ.ಯಲ್ಲಿ ನೂರಕ್ಕೆ 75ಕ್ಕಿಂತ ಕಡಿಮೆಯಾಗಬಾರದು. ರೇಡಿಯೊದಲ್ಲಾದರೆ 50:50. ಈ ಅನುಪಾತವನ್ನು ಗಮನಿಸಬೇಕು. ರೇಡಿಯೊಗೆ ಅರ್ಧ ಪಾಲು ಉಳಿಸಿದ್ದು ಸಣ್ಣ ವಿಷಯವಲ್ಲ. ಧ್ವನಿಯ ಪ್ರಸಾರದಿಂದ ಹುಟ್ಟುವ ಹಣವೇ ಕಡಿಮೆ. ಅದರಲ್ಲೂ ಮುಕ್ಕಾಲು ಪಾಲು ಹೊರಟುಹೋದರೆ ಪ್ರಸಾರದ ಖರ್ಚೂ ಹುಟ್ಟುವುದು ಕಷ್ಟ.

ಆ ಪಟ್ಟಿಯಲ್ಲಿ ಒಲಿಂಪಿಕ್ಸ್ ಇದೆ, ಏಷ್ಯನ್ ಮತ್ತು ಕಾಮನ್‌ವೆಲ್ತ್ ಕ್ರೀಡಾಕೂಟಗಳಿವೆ, ಭಾರತ ಕ್ರಿಕೆಟ್ ತಂಡದ ಏಕದಿನ ಪಂದ್ಯಗಳಿವೆ. ಫುಟ್‌ಬಾಲ್‌ನ ಸಂತೋಷ್ ಟ್ರೋಫಿಯ ಸೆಮಿಫೈನಲ್ ಮತ್ತು ಫೈನಲ್ ಕೂಡ ಸೇರಿವೆ. ರಾಜ್ಯವೊಂದರ ಟಿ-20 ಲೀಗ್ ಅಂಥ ಪಟ್ಟಿಯ ಅಳತೆಗೆ ಬರುವುದಿಲ್ಲ. ಕಾಕಾನ ಫೈನಲ್ ಈ ಬಾಗಿಲಲ್ಲೇ ನಿಂತುಬಿಟ್ಟಿತು.

ಕಾನೂನಿನ ಹೊರಗೆ ಒಪ್ಪಂದದ ದಾರಿಯೂ ಇದೆ. 2019ರ ಸೆಪ್ಟೆಂಬರ್‌ನಲ್ಲಿ ಬಿಸಿಸಿಐ ಮತ್ತು ಆಕಾಶವಾಣಿ ಎರಡು ವರ್ಷಗಳ ಒಪ್ಪಂದ ಮಾಡಿಕೊಂಡವು. ಪುರುಷರ ಹಾಗೂ ಮಹಿಳೆಯರ ಅಂತರರಾಷ್ಟ್ರೀಯ ಪಂದ್ಯಗಳ ಜೊತೆಗೆ ರಣಜಿ ಟ್ರೋಫಿಯಂಥ ದೇಶೀಯ ಪಂದ್ಯಗಳೂ ಅದರಲ್ಲಿ ಸೇರಿದವು. ಮೊದಲನೆಯದೇ ಧರ್ಮಶಾಲಾದ ಭಾರತ–ದಕ್ಷಿಣ ಆಫ್ರಿಕಾ ಟಿ-20 ಪಂದ್ಯ. ಒಂದು ಎಸೆತವನ್ನೂ ಕಾಣದೆ ಮಳೆಯಲ್ಲಿ ಕೊಚ್ಚಿಹೋಯಿತು. ನೇರ ಪ್ರಸಾರ ಮಾಡುವ ಕೇಂದ್ರದ ಪಾಡು ಅಂಥ ದಿನ ಅರ್ಥವಾಗುತ್ತದೆ. ಮೂರು ಗಂಟೆಯ ಜಾಗ ತೆರವು ಮಾಡಿ ಕಾದಿರುತ್ತಾರೆ, ಆಟವೇ ಇರುವುದಿಲ್ಲ. ಅದಕ್ಕೇ ನಿಲಯದಲ್ಲಿ ಸದಾ ಹಾಡುಗಳ ಒಂದು ಕಟ್ಟು ಸಿದ್ಧವಾಗಿರಬೇಕು.

ಅಮೆರಿಕದಲ್ಲಿ ಈ ವ್ಯವಸ್ಥೆ ಬೇರೆಯೇ ದಾರಿ ಹಿಡಿದಿದೆ. 1921ರ ಆಗಸ್ಟ್ 5ರಂದು ಪಿಟ್ಸ್‌ಬರ್ಗ್‌ನ ಕೆಡಿಕೆಎ ಕೇಂದ್ರ ತನ್ನ ಊರಿನ ಪೈರೇಟ್ಸ್ ತಂಡದ ಬೇಸ್‌ಬಾಲ್ ಪಂದ್ಯವನ್ನು ಬಿತ್ತರಿಸಿತು. ಅಲ್ಲಿಂದ ಮುಂದೆ ಪ್ರತಿ ತಂಡವೂ ತನ್ನದೊಂದು ರೇಡಿಯೊ ಜಾಲವನ್ನು ಕಟ್ಟಿಕೊಂಡಿತು. ಸಣ್ಣ ಊರಿನ ಕೇಂದ್ರಗಳು ಆ ಜಾಲಕ್ಕೆ ಸೇರಿ ಇಡೀ ಋತುವಿನ ಪಂದ್ಯಗಳನ್ನು ಹಾಕುತ್ತವೆ. ಎರಡು ದೊಡ್ಡ ನಗರಗಳ ನಡುವಿನ ಊರಿನಲ್ಲಿ ಯಾವ ತಂಡದ ಜಾಲ ಸೇರಬೇಕು ಎಂಬುದೇ ದೊಡ್ಡ ಚರ್ಚೆಯಾಗುತ್ತದೆ. ನಮ್ಮಲ್ಲಿ ತಂಡಗಳು ರೇಡಿಯೊ ಜಾಲ ಕಟ್ಟಲಿಲ್ಲ. ಆಕಾಶವಾಣಿಯ ಜಾಲ ಮೊದಲೇ ಇತ್ತು, ಪಂದ್ಯಗಳು ಅದರೊಳಗೆ ಬಂದು ಕೂತವು. ಹಾಗಾಗಿ ದೊಡ್ಡ ಪಂದ್ಯಗಳ ವಿಷಯದಲ್ಲಿ ಸ್ಥಳೀಯ ನಿಲಯದ ಪಾತ್ರ ಹೆಚ್ಚಾಗಿ ಒಂದೇ: ದೆಹಲಿಯಿಂದಲೋ ಬೆಂಗಳೂರಿನಿಂದಲೋ ಬಂದದ್ದನ್ನು ಮರುಪ್ರಸಾರ ಮಾಡಬೇಕೇ, ಮಾಡಿದರೆ ಎಷ್ಟು ಹೊತ್ತು ಎಂದು ತೀರ್ಮಾನಿಸುವುದು.

ಇಷ್ಟು ಹೇಳಿದ ಮೇಲೆ ನಮ್ಮ ಊರಿನ ರೇಡಿಯೊಗಳ ಕಡೆ ಬರೋಣ. ಅವು ಮೂರು ಬಗೆಯವು, ಮೂರಕ್ಕೂ ನಿಯಮ ಬೇರೆ ಬೇರೆ. 1966ರಿಂದ ಇರುವ ಆಕಾಶವಾಣಿ ಕಲಬುರಗಿ ಸಾರ್ವಜನಿಕ ಪ್ರಸಾರ ಸಂಸ್ಥೆಯ ಭಾಗ. ಖಾಸಗಿ ಎಫ್.ಎಂ. ಕೇಂದ್ರಗಳು ಜಾಹೀರಾತಿನಿಂದ ಬದುಕುವಂಥವು. ಶರಣಬಸವೇಶ್ವರ ಸಂಸ್ಥೆಯ ಅಂತರವಾಣಿ 90.8 ಸಮುದಾಯ ರೇಡಿಯೊ.

ಖಾಸಗಿ ಎಫ್.ಎಂ.ಗಳಲ್ಲಿ ಆಟದ ನೇರ ವಿವರಣೆ ಕೇಳಿಬರುವುದು ಅಪರೂಪ. "ಹಾಡಿನಲ್ಲೇ ದುಡ್ಡಿದೆ" ಎಂದು ಜನ ಹೇಳುವುದುಂಟು. ಅದು ಅರ್ಧ ಸತ್ಯ. ಇನ್ನರ್ಧ ಕೇಂದ್ರ ಸರ್ಕಾರದ ಎಫ್.ಎಂ. ನೀತಿಯಲ್ಲಿದೆ. 2011ರ ಮೂರನೇ ಹಂತದ ನೀತಿ ಖಾಸಗಿ ಕೇಂದ್ರಗಳಿಗೆ ಕ್ರೀಡೆಯ ಮಾಹಿತಿ ಕೊಡಲು ಅವಕಾಶ ನೀಡುತ್ತದೆ, ನೇರ ಪ್ರಸಾರಕ್ಕೆ ಇಲ್ಲ. ಆದರೆ ಅದೇ ಸಾಲಿನ ಬೆನ್ನಿಗೆ ಒಂದು ವಿನಾಯಿತಿ ಇದೆ: ಸ್ಥಳೀಯ ಸ್ವರೂಪದ ಕ್ರೀಡೆಗಳ ನೇರ ವೀಕ್ಷಕ ವಿವರಣೆಗೆ ಅನುಮತಿ ಸಿಗಬಹುದು. ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಅತ್ಯಂತ ಮುಖ್ಯವಾದ ವಾಕ್ಯ ಇದೇ. ಭಾರತ–ಆಸ್ಟ್ರೇಲಿಯಾ ಪಂದ್ಯವನ್ನು ನೇರವಾಗಿ ಹೇಳಲಾಗದ ಖಾಸಗಿ ಕೇಂದ್ರವೊಂದು ಜೇವರ್ಗಿಯ ಕಬಡ್ಡಿ ಫೈನಲ್ಲನ್ನು ಹೇಳಬಹುದು, ಚಂದ್ರಶೇಖರ ಪಾಟೀಲ ಕ್ರೀಡಾಂಗಣದ ಖೊ-ಖೊ ಪಂದ್ಯವನ್ನು ಹೇಳಬಹುದು. ದೊಡ್ಡ ಆಟಕ್ಕೆ ಮುಚ್ಚಿದ ಬಾಗಿಲು ಸಣ್ಣ ಆಟಕ್ಕೆ ತೆರೆದೇ ಇದೆ.

ಸಮುದಾಯ ರೇಡಿಯೊದಲ್ಲಿ ಕಾರ್ಯಕ್ರಮಗಳ ಅರ್ಧದಷ್ಟಾದರೂ ಸ್ಥಳೀಯ ಸಮುದಾಯದ ಪಾಲ್ಗೊಳ್ಳುವಿಕೆಯಿಂದ ಹುಟ್ಟಬೇಕೆಂಬ ನಿಯಮವೇ ಇದೆ. ಅದರ ಪ್ರೇಷಕದ (ಟ್ರಾನ್ಸ್‌ಮಿಟರ್) ಶಕ್ತಿ ಮಾತ್ರ 100 ವ್ಯಾಟ್. ಊರಿನ ಸುತ್ತಮುತ್ತ ಕೆಲವು ಕಿಲೋಮೀಟರ್ ದಾಟಿದರೆ ಧ್ವನಿ ತೆಳುವಾಗುತ್ತದೆ. ಹಾಗಾಗಿ ನಗರದ ಕಾಲೇಜುಗಳ ಪಂದ್ಯ ಅದಕ್ಕೆ ಸರಿಹೊಂದುತ್ತದೆ, ಔರಾದ್ ತಾಲ್ಲೂಕಿನ ವಾಲಿಬಾಲ್ ಹೊಂದುವುದಿಲ್ಲ. ಆಕಾಶವಾಣಿಯ ಮಧ್ಯಮ ತರಂಗದ ಹರವು ಹಾಗಲ್ಲ. 1107 ಕಿಲೋಹರ್ಟ್ಸ್ ಎಂಬ ಸಂಖ್ಯೆ ನನ್ನ ಅಪ್ಪನ ಕಾಲದವರಿಗೆ ಮನೆಯ ಬಾಗಿಲ ಸಂಖ್ಯೆಯಂತೆ ಬಾಯಿಪಾಠ. ಎಫ್.ಎಂ. ತರಂಗ ಕಣ್ಣಳತೆಯ ನೇರಕ್ಕೆ ಸಾಗಿದರೆ, ಮಧ್ಯಮ ತರಂಗ ನೆಲವನ್ನು ಅಪ್ಪಿಕೊಂಡು ಹೋಗುತ್ತದೆ. ರಾತ್ರಿ ಮೇಲಣ ವಾತಾವರಣದಿಂದ ಪ್ರತಿಫಲಿಸಿ ಇನ್ನೂ ದೂರ ಬೀಳುತ್ತದೆ. ಕತ್ತಲಾದ ಮೇಲೆ ದೂರದ ಕೇಂದ್ರಗಳು ಒಂದರ ಮೇಲೊಂದು ಏರಿ ಬರುವುದೂ ಅದರಿಂದಲೇ. ಎಲ್ಲಿಯ ಪಂದ್ಯ ಹಾಕಬೇಕು ಎನ್ನುವುದನ್ನು ಎಷ್ಟೋ ಸಲ ಪ್ರೇಷಕವೇ ತೀರ್ಮಾನಿಸಿರುತ್ತದೆ.

ಇನ್ನು ಸಮಯ. ಆಕಾಶವಾಣಿಯ ಒಳಗೆ ಎಫ್‌ಪಿಸಿ ಎಂಬ ಮಾತು ದಿನವೂ ಕಿವಿಗೆ ಬೀಳುತ್ತದೆ. ಯಾವ ದಿನ ಯಾವ ಹೊತ್ತಿಗೆ ಯಾವ ಕಾರ್ಯಕ್ರಮ ಎಂದು ಮೊದಲೇ ನಿಗದಿಯಾದ ಕೋಷ್ಟಕ ಅದು. ರೈತರ ಕಾರ್ಯಕ್ರಮ, ಪ್ರದೇಶ ಸಮಾಚಾರ, ಮಹಿಳೆಯರ ಕಾರ್ಯಕ್ರಮ, ಎಲ್ಲವೂ ತಮ್ಮ ತಮ್ಮ ಮಣೆಯ ಮೇಲೆ ಕೂತಿರುತ್ತವೆ. ಪಂದ್ಯ ಬರಬೇಕೆಂದರೆ ಯಾರನ್ನಾದರೂ ಎಬ್ಬಿಸಬೇಕು. ಜೂನ್‌ನಲ್ಲಿ ತೊಗರಿ ಬಿತ್ತನೆಯ ಹೊತ್ತಿಗೆ ರೈತರ ಕಾರ್ಯಕ್ರಮವನ್ನು ಎಬ್ಬಿಸುವ ಮನಸ್ಸು ಯಾವ ಅಧಿಕಾರಿಗೂ ಬರುವುದಿಲ್ಲ, ಬರಲೂಬಾರದು. ಹೀಗಾಗಿ ಆಟದ ಉದ್ದ ಬಹಳ ಮುಖ್ಯವಾಗುತ್ತದೆ. ಕಬಡ್ಡಿ ಇಪ್ಪತ್ತಿಪ್ಪತ್ತು ನಿಮಿಷದ ಎರಡು ಅವಧಿ, ನಡುವೆ ಐದು ನಿಮಿಷ ವಿರಾಮ. ಒಂದು ಗಂಟೆಯ ಜಾಗ ಕೊಟ್ಟರೆ ಪರಿಚಯ, ಆಟ, ಫಲಿತಾಂಶ ಎಲ್ಲವೂ ಹಿಡಿಯುತ್ತವೆ. ವಾಲಿಬಾಲ್ ಮೂರು ಸೆಟ್‌ಗೂ ಮುಗಿದೀತು, ಐದಕ್ಕೂ ಹೋದೀತು. ಕುಸ್ತಿಯ ಮಾತು ಬಿಡಿ, ಅರ್ಧ ನಿಮಿಷದಲ್ಲಿ ಚಿತ್ ಆಗುವ ಜೋಡಿಯೂ ಉಂಟು, ಹೊತ್ತು ಮುಳುಗಿದರೂ ಬೀಳದೆ ಪಂಚರು ಬಿಡಿಸಿ ಸಮ ಎಂದು ಸಾರುವ ಜೋಡಿಯೂ ಉಂಟು. ಅಂಥದ್ದನ್ನು ಧ್ವನಿಮುದ್ರಿಸಿ, ಮರುದಿನ ಅರ್ಧ ಗಂಟೆಯ ವರದಿಯಾಗಿ ಕೊಡುವುದೇ ಜಾಣತನ.

ಕಿವಿಗೆ ಯಾವ ಆಟ ಒಗ್ಗುತ್ತದೆ ಎಂಬುದು ನನಗೆ ಅತಿ ಪ್ರಿಯವಾದ ಪ್ರಶ್ನೆ. 1927ರ ಜನವರಿಯಲ್ಲಿ ಬಿಬಿಸಿ ಮೊದಲ ಬಾರಿಗೆ ಫುಟ್‌ಬಾಲ್ ಪಂದ್ಯದ ವಿವರಣೆ ಕೊಟ್ಟಾಗ ಮೈದಾನವನ್ನು ಎಂಟು ಚೌಕಗಳಾಗಿ ಗೆರೆ ಹಾಕಿ, ಆ ಚಿತ್ರವನ್ನು ತನ್ನ ಪತ್ರಿಕೆಯಲ್ಲಿ ಅಚ್ಚು ಹಾಕಿಸಿತ್ತು. ಚೆಂಡು ಯಾವ ಚೌಕದಲ್ಲಿದೆ ಎಂದು ಒಬ್ಬರು ಸಂಖ್ಯೆ ಹೇಳುತ್ತಿದ್ದರು, ಕೇಳುಗರು ಕಾಗದದ ಮೇಲೆ ಬೆರಳಿಟ್ಟು ಹಿಂಬಾಲಿಸುತ್ತಿದ್ದರು. ಕಬಡ್ಡಿಗೆ ಆ ಚಿತ್ರವೂ ಬೇಡ. ಅಂಕಣ ಚಿಕ್ಕದು, ಜಾಗಗಳಿಗೆ ಆಗಲೇ ಹೆಸರಿದೆ. ಒಂದು ರೈಡ್‌ಗೆ ಮೂವತ್ತು ಸೆಕೆಂಡು, ಅಂದರೆ ಹೇಳುವವನ ಒಂದು ಉಸಿರಿಗೆ ಸರಿಯಾದ ತುತ್ತು. "ಎಡ ಮೂಲೆಗೆ ಹೊರಳಿದ, ಬೋನಸ್ ಗೆರೆಯತ್ತ ಕಾಲು ಚಾಚಿದ, ಒಳಗೆ ಆರು ಜನ ಇದ್ದಾರೆ, ಬೋನಸ್ ಸಿಗುತ್ತದೆ, ಬಲ ಮೂಲೆಯವನು ಕಣಕಾಲಿಗೆ ಬಿದ್ದ, ಬಿಡಿಸಿಕೊಂಡ, ನಡುಗೆರೆ ಮುಟ್ಟಿದ!" ಇಷ್ಟನ್ನು ಕೇಳಿದ ಟೇಲರ್ ಕಾಕಾ ಗುಂಡಿ ಹಚ್ಚುತ್ತಲೇ ಆಟವನ್ನು ಕಾಣಬಲ್ಲರು. ವಾಲಿಬಾಲ್‌ನಲ್ಲಿ ಮಾತು ಚೆಂಡಿನ ಹಿಂದೆ ಬೀಳುತ್ತದೆ. ಸ್ಮ್ಯಾಷ್ ಎನ್ನುವಷ್ಟರಲ್ಲಿ ಚೆಂಡು ಮೂರು ಕೈ ದಾಟಿರುತ್ತದೆ.

ಕುಸ್ತಿಯದು ಮಾತಿಗಿಂತ ಸದ್ದಿನ ಸೊಗಸು. ನಮ್ಮ ಕಡೆಯ ಜಾತ್ರೆಗಳಲ್ಲಿ ಹುಡುಗರ ತೆಂಗಿನಕಾಯಿ ಕುಸ್ತಿಯಿಂದ ಶುರುವಾಗಿ ಬೆಳ್ಳಿ ಕಡಗದ ಜೋಡಿಯವರೆಗೆ ಏರುತ್ತ ಹೋಗುತ್ತದೆ. ಪೈಲ್ವಾನರು ಕೈಕೈ ಹಿಡಿದು ನಿಂತಿದ್ದಾಗ ಹಲಗೆ ನಿಧಾನವಾಗಿ ಬಡಿಯುತ್ತದೆ. ಒಬ್ಬನು ಡಾವು ಹಾಕಲು ಬಗ್ಗಿದ ಕೂಡಲೇ ಬಡಿತ ಚುರುಕಾಗುತ್ತದೆ. ತೊಡೆ ತಟ್ಟಿದ ಸದ್ದು, ಮಣ್ಣಿಗೆ ಬೆನ್ನು ಬಿದ್ದ ಧಡ್ ಎಂಬ ಸದ್ದು, ಅದರ ಹಿಂದೆಯೇ ಏಳುವ ಜನರ ಕೂಗು. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯಂಥ ಕಡೆ ಒಬ್ಬರು ಮೈಕ್ ಹಿಡಿದು ಸುಮ್ಮನೆ ನಿಂತರೂ ಅರ್ಧ ವಿವರಣೆ ತಾನಾಗಿ ದಾಖಲಾಗುತ್ತದೆ. ಇಂಥ ಸದ್ದಿಗೆ ಯಾರೂ ಹಕ್ಕಿನ ಹಣ ಕೇಳುವುದಿಲ್ಲ. ಜಾತ್ರಾ ಸಮಿತಿಯವರು ಕರೆದು ಕೂರಿಸಿ ಊಟ ಹಾಕಿ ಕಳಿಸುತ್ತಾರೆ. ಆದರೂ ಅದು ಗಾಳಿಗೇರುವುದು ಅಪರೂಪ ಎನ್ನುವುದು ನನ್ನ ಕೊರಗು.

ಏಕೆ ಏರುವುದಿಲ್ಲ? ಹಕ್ಕಿಗೆ ಹಣವಿಲ್ಲದಿದ್ದರೂ ಹೊರಾಂಗಣ ಪ್ರಸಾರಕ್ಕೆ ಜನ ಬೇಕು, ವಾಹನ ಬೇಕು, ತಡೆಯಿಲ್ಲದ ಸಂಪರ್ಕ ಬೇಕು. ಮೊದಲು ದೂರವಾಣಿ ಇಲಾಖೆಯಿಂದ ಮೈದಾನಕ್ಕೆ ವಿಶೇಷ ತಂತಿ ಎಳೆಸಬೇಕಾಗಿತ್ತು. ಈಗ ಮೊಬೈಲ್ ಜಾಲದಿಂದಲೇ ಕೆಲಸ ನಡೆಯುತ್ತದೆ. ಆದರೆ ಹತ್ತು ಸಾವಿರ ಜನ ಒಂದೇ ಗುಡ್ಡದ ಬುಡದಲ್ಲಿ ಸೇರಿ ಎಲ್ಲರೂ ವಿಡಿಯೊ ಕಳಿಸುವಾಗ ಆ ಜಾಲ ಉಸಿರುಗಟ್ಟುತ್ತದೆ. ಅದಕ್ಕಿಂತ ದೊಡ್ಡ ಕೊರತೆ ಧ್ವನಿಯದು. ಆಕಾಶವಾಣಿ ವೀಕ್ಷಕ ವಿವರಣೆಗಾರರನ್ನು ಧ್ವನಿ ಪರೀಕ್ಷೆ ಮಾಡಿ ಆರಿಸುತ್ತದೆ. ಕ್ರಿಕೆಟ್ ಹೇಳುವವರು ಸಿಗುತ್ತಾರೆ. ಕುಸ್ತಿಯ ಡಾವುಗಳ ಹೆಸರು ಬಲ್ಲ, ಕನ್ನಡ ತಡವರಿಸದ, ಯಾವ ಪೈಲ್ವಾನನ ಉಸ್ತಾದ ಯಾರು ಎಂಬುದನ್ನೂ ತಿಳಿದ ಒಬ್ಬರು ಸಿಗುವುದು ಕಷ್ಟ. ಅಂಥವರು ಗರಡಿಯಲ್ಲಿದ್ದಾರೆ, ಅವರು ಧ್ವನಿ ಪರೀಕ್ಷೆಗೆ ಅರ್ಜಿ ಹಾಕುವುದಿಲ್ಲ.

ಪ್ರಾಯೋಜಕರ ವಿಷಯ ಚಿಕ್ಕದು. ದಾಲ್ ಮಿಲ್‌ಗಳು, ಬೀಜ–ಗೊಬ್ಬರದ ಅಂಗಡಿಗಳು, ಬಂಗಾರದ ಅಂಗಡಿಗಳು, ಕೋಚಿಂಗ್ ಸಂಸ್ಥೆಗಳು ಹಣ ಕೊಡಬಲ್ಲವು. ಕೇಂದ್ರದವರು ಮೊದಲು ಕೇಳುವುದು "ಪ್ರಾಯೋಜಕರು ಇದ್ದಾರೆಯೇ" ಎಂದು. ತೊಗರಿ ಮಾರಿ ಕೈಯಲ್ಲಿ ಕಾಸಾಡುವ ಸಂಕ್ರಾಂತಿಯ ನಂತರದ ತಿಂಗಳುಗಳಲ್ಲಿ ಆ ಪ್ರಶ್ನೆಗೆ ಉತ್ತರ ಸುಲಭ.

ಹಣಕ್ಕಿಂತ ನಾಜೂಕಾದದ್ದು ನಿಷ್ಪಕ್ಷಪಾತ. ಒಂದೇ ತಾಲ್ಲೂಕಿನ ಎರಡು ಊರುಗಳು, ಒಂದೇ ರಸ್ತೆಯ ಎರಡು ಕಾಲೇಜುಗಳು ಎದುರಾದಾಗ ಒಂದರ ಪಂದ್ಯವನ್ನಷ್ಟೇ ಹಾಕಿದರೆ ಇನ್ನೊಂದರವರು ಮರುದಿನ ಬಾಗಿಲಿಗೆ ಬರುತ್ತಾರೆ. ಆದ್ದರಿಂದ ಕೇಂದ್ರಗಳು ತಂಡವನ್ನು ಆರಿಸುವ ಬದಲು ಪಂದ್ಯಾವಳಿಯನ್ನು ಆರಿಸುವುದೇ ಒಳ್ಳೆಯದು, ಅದರಲ್ಲೂ ಸೆಮಿಫೈನಲ್‌ನಿಂದ. ದಸರಾ ಕ್ರೀಡಾಕೂಟ ಇದಕ್ಕೆ ಹೇಳಿ ಮಾಡಿಸಿದಂತಿದೆ. ತಾಲ್ಲೂಕು, ಜಿಲ್ಲೆ ದಾಟಿ ವಿಭಾಗ ಮಟ್ಟಕ್ಕೆ ಬಂದಾಗ ಬೀದರ್‌ನಿಂದ ವಿಜಯನಗರದವರೆಗಿನ ಏಳು ಜಿಲ್ಲೆಗಳ ಮಕ್ಕಳು ಒಟ್ಟಿಗೆ ಆಡುತ್ತಾರೆ. ಯಾವ ಒಂದು ಊರಿನ ಪಕ್ಷವನ್ನೂ ಹಿಡಿದಂತಾಗುವುದಿಲ್ಲ. ನಾಯಕರ ಹುಟ್ಟುಹಬ್ಬಕ್ಕೆ, ಅವರ ಹೆಸರಿನ ಕಪ್‌ಗೆ ನಡೆಯುವ ಪಂದ್ಯಾವಳಿಗಳ ವಿಷಯದಲ್ಲಿ ಕೇಂದ್ರದವರು ಹಿಂಜರಿಯುತ್ತಾರೆ, ಚುನಾವಣೆ ಹತ್ತಿರವಿದ್ದರಂತೂ ಕೇಳುವುದೇ ಬೇಡ. ಆಟ ಎಷ್ಟೇ ಚೆನ್ನಾಗಿರಲಿ, ಪ್ರತಿ ಹತ್ತು ನಿಮಿಷಕ್ಕೊಮ್ಮೆ ಹೇಳಬೇಕಾದ ಕಪ್ಪಿನ ಹೆಸರು ಪ್ರಚಾರವಾಗಿಬಿಡುತ್ತದೆ.

ಪ್ರಸಾರ ಭಾರತಿ ಕಾಯ್ದೆ 1990ರಲ್ಲಿ ಅಂಗೀಕಾರವಾಯಿತು. ಆರೋಗ್ಯಕರ ಸ್ಪರ್ಧೆ ಮತ್ತು ಕ್ರೀಡಾ ಮನೋಭಾವ ಬೆಳೆಯುವಂತೆ ಕ್ರೀಡೆಗಳಿಗೆ ಸಾಕಷ್ಟು ಪ್ರಸಾರ ಕೊಡಬೇಕು ಎಂಬುದನ್ನು ಅದು ಸಂಸ್ಥೆಯ ಕರ್ತವ್ಯಗಳಲ್ಲಿ ಒಂದಾಗಿ ಬರೆದಿದೆ. ಭಾರತ ತಂಡದ ಆಟಗಳಿಗಷ್ಟೇ ಎಂದು ಅಲ್ಲಿ ಬರೆದಿಲ್ಲ. ನಾನು ಇದನ್ನು ಪಂದ್ಯಾವಳಿ ನಡೆಸುವ ಹುಡುಗರಿಗೆ ಹೇಳುತ್ತಲೇ ಇರುತ್ತೇನೆ. ಬ್ಯಾನರ್ ಕಟ್ಟಿಸುತ್ತಾರೆ, ಡಿಜೆ ತರಿಸುತ್ತಾರೆ, ರೇಡಿಯೊ ಕೇಂದ್ರಕ್ಕೆ ಮಾತ್ರ ಹಿಂದಿನ ದಿನ ಫೋನ್ ಮಾಡುತ್ತಾರೆ. ಆಗ ಯಾರಿಂದಲೂ ಏನೂ ಮಾಡಲಾಗುವುದಿಲ್ಲ. ಆಕಾಶವಾಣಿಯಲ್ಲಿ ಮೂರು ತಿಂಗಳ ಯೋಜನೆ ಮೊದಲೇ ಸಿದ್ಧವಾಗುತ್ತದೆ, ಪತ್ರ ಅದಕ್ಕಿಂತ ಮುಂಚೆ ಕಾರ್ಯಕ್ರಮ ವಿಭಾಗ ತಲುಪಬೇಕು. ಪತ್ರದಲ್ಲಿ ದಿನಾಂಕ, ಮೈದಾನ, ಫೈನಲ್ ಶುರುವಾಗುವ ನಿಖರ ಸಮಯ, ಮೈದಾನದಲ್ಲಿ ಯಾವ ಮೊಬೈಲ್ ಜಾಲ ಚೆನ್ನಾಗಿ ಸಿಗುತ್ತದೆ ಎಂಬ ಮಾಹಿತಿ ಇರಬೇಕು. ಆಯೋಜಕರ ಲಿಖಿತ ಒಪ್ಪಿಗೆ ಜೊತೆಗಿರಬೇಕು. ಅದು ಹಕ್ಕಿನ ಪ್ರಶ್ನೆಯನ್ನು ಅಲ್ಲೇ ಮುಗಿಸುತ್ತದೆ.

ಕಳೆದ ವರ್ಷ ಶಹಾಪುರ ಕಡೆಯ ಕೆಲವು ಹುಡುಗರು ಹೀಗೊಂದು ಪತ್ರ ಬರೆಯಲು ನನ್ನ ಬಳಿ ಬಂದಿದ್ದರು. ಎಲ್ಲವನ್ನೂ ಬರೆದ ಮೇಲೆ ಆಟಗಾರರ ಪಟ್ಟಿ ಕೇಳಿದೆ. ಜೆರ್ಸಿ ಸಂಖ್ಯೆ, ಪೂರ್ತಿ ಹೆಸರು, ಊರು. "ಊರು ಯಾಕೆ ಸರ್?" ಎಂದ ಒಬ್ಬ. ಅವನ ತಂಡದ ಬಲ ಮೂಲೆಯ ಆಟಗಾರನ ಅಜ್ಜಿ ಯಾವ ಊರಿನಲ್ಲಿದ್ದಾಳೆ ಎಂದು ಕೇಳಿದೆ. "ಗುರುಮಠಕಲ್ ಹತ್ತಿರದ ಹಳ್ಳಿ" ಎಂದ. "ಅಲ್ಲಿ ರೇಡಿಯೊ ಇದೆಯೇ?" ಸ್ವಲ್ಪ ಹೊತ್ತು ಸುಮ್ಮನಿದ್ದು, ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ಹನ್ನೆರಡು ಹೆಸರುಗಳ ಮುಂದೆ ಹನ್ನೆರಡು ಊರುಗಳನ್ನು ತಾನೇ ಬರೆದ.